ಶ್ವಾಸಕೋಶದ ದೀರ್ಘಕಾಲೀನ ಅಂತರಾಳ ಕಾಯಿಲೆ ಮತ್ತು ಬ್ಯಾಕ್ಟೀರಿಯಾ: ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕಾಯಿಲೆಯ ಸ್ವರೂಪ:
ಶ್ವಾಸಕೋಶದ ಗಾಳಿಗೂಡುಗಳ ನಡುವಿನ ತೆಳು ಅಂಗಾಂಶವು ಉರಿಯೂತದಿಂದ ದಪ್ಪವಾಗಿ, ಕ್ರಮೇಣ ನಾರುಗಟ್ಟುವ ಹಲವು ರೋಗಗಳನ್ನು ಒಟ್ಟಾಗಿ ಅಂತರಾಳ ಕಾಯಿಲೆ (ಐ.ಎಲ್.ಡಿ.) ಎನ್ನಲಾಗುತ್ತದೆ. ಒಣಕೆಮ್ಮು ಹಾಗೂ ನಡೆಯುವಾಗ ಏದುಸಿರು ಇದರ ಮುಖ್ಯ ಲಕ್ಷಣಗಳು. ನಾರುಗಟ್ಟಿದ ಭಾಗವು ಮತ್ತೆ ಮೊದಲಿನಂತಾಗುವುದಿಲ್ಲ.

ಹೊರಗಿನ ಬ್ಯಾಕ್ಟೀರಿಯಾ:
ಹಸಿಯಾಗಿಯೇ ಬಣವೆ ಒಟ್ಟಿದ ಹುಲ್ಲು ಒಳಗೊಳಗೇ ಬಿಸಿಯೇರಿ, ಶಾಖಪ್ರಿಯ ಆಕ್ಟಿನೊಮೈಸಿಟ್ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಬೂಸ್ಟು ಹಿಡಿದ ಮೇವನ್ನು ಕೊಡವುವಾಗ ಇವುಗಳ ಧೂಳು ಶ್ವಾಸಕೋಶ ಸೇರಿ, ಕೆಲವರಲ್ಲಿ 4ರಿಂದ 8 ಗಂಟೆಗಳೊಳಗೆ ಚಳಿಜ್ವರ, ಕೆಮ್ಮು ಉಂಟಾಗುತ್ತದೆ. ಇದು 'ರೈತರ ಶ್ವಾಸಕೋಶ' ಕಾಯಿಲೆ. ಇದು ಸೋಂಕಲ್ಲ, ದೇಹದ ಅತಿಪ್ರತಿಕ್ರಿಯೆ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಭಾರತದ 19 ನಗರಗಳ 1,084 ರೋಗಿಗಳ ನೋಂದಣಿಯಲ್ಲಿ (2017ರಲ್ಲಿ ಪ್ರಕಟ) ಶೇ. 47.3ರಷ್ಟು ಮಂದಿಗೆ ಇಂತಹ ಅತಿಪ್ರತಿಕ್ರಿಯೆಯ ಕಾಯಿಲೆ ಇತ್ತು. ಪಾರಿವಾಳಗಳ ಹಿಕ್ಕೆ, ಏರ್‌ಕೂಲರ್‌ನ ಬೂಸ್ಟು ಸಹ ಕಾರಣವಾಗಬಲ್ಲವು.

ಶ್ವಾಸಕೋಶದೊಳಗಿನ ಬ್ಯಾಕ್ಟೀರಿಯಾ:
ಆರೋಗ್ಯವಂತರ ಶ್ವಾಸಕೋಶದಲ್ಲಿಯೂ ಅಲ್ಪ ಪ್ರಮಾಣದ ಬ್ಯಾಕ್ಟೀರಿಯಾಗಳಿರುತ್ತವೆ. ಕಾರಣ ತಿಳಿಯದೆ ಶ್ವಾಸಕೋಶ ನಾರುಗಟ್ಟುವ ರೋಗಿಗಳಲ್ಲಿ ಇವು ಹೆಚ್ಚಿರುವುದೂ, ಅತಿ ಹೆಚ್ಚಿದ್ದವರಲ್ಲಿ ರೋಗ ಬೇಗ ಉಲ್ಬಣಿಸಿದ್ದೂ 2014ರ ಲಂಡನ್ ಅಧ್ಯಯನದಲ್ಲಿ ಕಂಡುಬಂದಿತು. ಆದರೆ 2021ರಲ್ಲಿ ಪ್ರಕಟವಾದ, ಅಮೆರಿಕದ 513 ರೋಗಿಗಳ ಪ್ರಯೋಗದಲ್ಲಿ ಪ್ರತಿಜೀವಕ ಔಷಧಿಯಿಂದ ಆಸ್ಪತ್ರೆ ಸೇರುವಿಕೆಯಾಗಲಿ ಮರಣವಾಗಲಿ ಕಡಿಮೆಯಾಗಲಿಲ್ಲ. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಪ್ರತಿಜೀವಕ ಮಾತ್ರೆಗಳನ್ನು ಸೇವಿಸತಕ್ಕದ್ದಲ್ಲ.

ಮುನ್ನೆಚ್ಚರಿಕೆ:
1. ಭತ್ತದ ಹುಲ್ಲು, ರಾಗಿ ಹುಲ್ಲು ಚೆನ್ನಾಗಿ ಒಣಗಿದ ನಂತರವೇ ಬಣವೆ ಹಾಕುವುದು. ಮಳೆನೀರು ಇಳಿಯದಂತೆ ಮುಚ್ಚುವುದು.
2. ಬೂಸ್ಟು ಹಿಡಿದ ಮೇವನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ಕೊಡವಬಾರದು.
3. ಧೂಳಿನ ಕೆಲಸದಲ್ಲಿ ಎನ್-95 ಮುಖಗವಸು ಧರಿಸುವುದು.
4. ಬೀಡಿ, ಸಿಗರೇಟು ತ್ಯಜಿಸುವುದು.

ಚಿಕಿತ್ಸೆ ಪಡೆಯುವ ವಿಧಾನ:
ಎರಡು ವಾರ ಮೀರಿದ ಕೆಮ್ಮಿದ್ದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿಕೊಳ್ಳುವುದು; ಇದು ಉಚಿತ. ಅಂತರಾಳ ಕಾಯಿಲೆಯನ್ನು ಕ್ಷಯವೆಂದು ತಪ್ಪಾಗಿ ಭಾವಿಸುವ ಸಂಭವವಿರುತ್ತದೆ. ಕಫದಲ್ಲಿ ಕ್ಷಯ ಕಂಡುಬಾರದೆ ಏದುಸಿರು ಮುಂದುವರಿದಲ್ಲಿ, ತಮ್ಮ ಕಸುಬಿನ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ಎದೆಯ ಸಿ.ಟಿ. ಸ್ಕ್ಯಾನ್ ಹಾಗೂ ಉಸಿರಾಟ ಸಾಮರ್ಥ್ಯ ಪರೀಕ್ಷೆಗೆ ಶಿಫಾರಸು ಪತ್ರ ಕೋರಬಹುದು. ಹೋಗುವಾಗ ಪಡಿತರ ಚೀಟಿ, ಆಧಾರ್ ಹಾಗೂ ಹಿಂದಿನ ಎಕ್ಸ್-ರೇಗಳನ್ನು ಕೊಂಡೊಯ್ಯುವುದು. ತಜ್ಞ ಚಿಕಿತ್ಸೆಗೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇರುತ್ತದೆ.