ಭಯ ಮುಂಬಾಗಿಲಲ್ಲಿ, ಅಪಾಯ ಹಿತ್ತಿಲಲ್ಲಿ

1998ರ ನವೆಂಬರ್. ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗಕ್ಕೆ ಬೆಳೆದಿದ್ದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತು. 'ಟರ್ಮಿನೇಟರ್ ಬೀಜ ಬಂದಿದೆಯಂತೆ, ಮರುಬಿತ್ತನೆ ಮಾಡಿದ್ರೆ ಮೊಳೆಯೋದೇ ಇಲ್ವಂತೆ' ಅನ್ನೋ ಮಾತು ಊರೂರಿಗೂ ಹಬ್ಬಿತ್ತು.

ಆ ಬೀಜದಲ್ಲಿ ಟರ್ಮಿನೇಟರ್ ಇರಲಿಲ್ಲ. ಬೀಜ ಕಂಪನಿಗಳ ಕೈಸೇರುತ್ತೆ ಅನ್ನೋ ಆತಂಕ ಮಾತ್ರ ಸುಳ್ಳಾಗಲಿಲ್ಲ.

ಇದಕ್ಕೂ 22 ವರ್ಷ ಮೊದಲು ಅಮೆರಿಕದಲ್ಲೂ ಇಂಥದ್ದೇ ಗದ್ದಲ ಎದ್ದಿತ್ತು. 1976ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಜೀನ್ ಜೋಡಣೆಯ ಪ್ರಯೋಗಾಲಯ ಕಟ್ಟಲು ಹೊರಟಾಗ, ಕೇಂಬ್ರಿಡ್ಜ್ ನಗರದ ಮೇಯರ್ 'ಲ್ಯಾಬಿನಿಂದ ರಾಕ್ಷಸ ಜೀವಿ ಹೊರಬಂದರೆ?' ಎಂದು ಹೆದರಿದರು. ನಗರಸಭೆ ಮೂರು ತಿಂಗಳ ತಡೆ ಹಾಕಿತು. ರಾಕ್ಷಸ ಬರಲಿಲ್ಲ. 1982ರಲ್ಲಿ ಬಂದದ್ದು ಬ್ಯಾಕ್ಟೀರಿಯಾ ತಯಾರಿಸಿದ ಇನ್ಸುಲಿನ್! ಅಲ್ಲಿಯವರೆಗೆ ಹಂದಿ, ದನಗಳ ಮೇದೋಜೀರಕದಿಂದ ತೆಗೀತಿದ್ದ ಔಷಧ ಅದು. ಆದರೆ ಮುಂದೆ ಅದೇ ಅಮೆರಿಕದಲ್ಲಿ ಇನ್ಸುಲಿನ್ ಬೆಲೆ ಎಷ್ಟು ಏರಿತೆಂದರೆ, ರೋಗಿಗಳು ಡೋಸ್ ಕಡಿಮೆ ಮಾಡಿಕೊಂಡು ದಿನ ದೂಡಿದರು. 1976ರಲ್ಲಿ ಬೆಲೆಯ ಬಗ್ಗೆ ಯಾರೂ ಬೀದಿಗಿಳಿದಿರಲಿಲ್ಲ.

ಈಗ ನಮ್ಮ ಹತ್ತಿಗೆ ಬನ್ನಿ. 2002ರಲ್ಲಿ ಬಿಟಿಗೆ ಅನುಮತಿ ಸಿಕ್ಕಿತು. ಜೊತೆಗೊಂದು ಷರತ್ತು: ಹೊಲದ ಅಂಚಿನಲ್ಲಿ ಬಿಟಿ ಅಲ್ಲದ ಹತ್ತಿಯನ್ನೂ ಬೆಳೆಯಬೇಕು. ಯಾಕೆ? ಅಲ್ಲಿ ಬದುಕುವ ಸಾಧಾರಣ ಹುಳು, ಬಿಟಿಗೆ ಬಗ್ಗದ ಹುಳುವಿನ ಜೊತೆ ಕೂಡಿದರೆ ನಿರೋಧಕ ಶಕ್ತಿ ಬೇಗ ಹಬ್ಬಲ್ಲ. ಅದಕ್ಕೆಂದೇ ಬೇರೆ ಬೀಜದ ಪೊಟ್ಟಣವನ್ನೂ ಕೊಟ್ಟರು. ಬಿತ್ತಿದವರು ಕಡಿಮೆ, ಬಿತ್ತಿದ್ರಾ ಅಂತ ಕೇಳಿದವರು ಇನ್ನೂ ಕಡಿಮೆ. 2010ರಲ್ಲಿ ಗುಜರಾತಿನಿಂದ ಸುದ್ದಿ ಬಂತು: ಗುಲಾಬಿ ಕಾಯಿಕೊರಕ ಬಿಟಿಯನ್ನು ಜೀರ್ಣಿಸಿಕೊಂಡಿದೆ. ಆಮೇಲೆ ಅದು ನಮ್ಮ ರಾಯಚೂರನ್ನೂ ಬಿಡಲಿಲ್ಲ.

ನೋಡಿ, ಚರಿತ್ರೆಯ ವರಸೆ ಇದು. ಹೊಸ ತಂತ್ರಜ್ಞಾನ ಬಂದ ದಿನ ಕಿರುಚುತ್ತೇವೆ. ಒಗ್ಗಿಕೊಂಡ ಮೇಲೆ ಕಣ್ಣು ಮುಚ್ಚುತ್ತೇವೆ. ಪೆಟ್ಟು ಬೀಳೋದು ಆಗ.

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿ ಘೋಷಿಸಿತು. ಹೊರಗಿನ ಜೀನ್ ಇಲ್ಲದ ಇಂಥ ತಳಿಗಳಿಗೆ ಬಿಟಿಗಿದ್ದ ಕಠಿಣ ನಿಯಮಗಳಿಂದ 2022ರಲ್ಲೇ ವಿನಾಯಿತಿ ಸಿಕ್ಕಿದೆ. ಅನ್ನ ವಿಷವಾಗುತ್ತಾ ಅಂತ ಖಂಡಿತ ಕೇಳಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಪೇಟೆಂಟ್ ಯಾರದು? ಬೆಲೆ ಕಟ್ಟೋರು ಯಾರು? ಹತ್ತು ವರ್ಷದ ಮೇಲೆ ಗದ್ದೆಗಿಳಿದು ನೋಡೋ ಅಧಿಕಾರಿ ಯಾರು?

ಕ್ಯಾಮೆರಾಗಳು ಹೊರಟುಹೋದ ಮೇಲೂ ಕೇಳಬೇಕಾದ ಪ್ರಶ್ನೆಗಳಿವು. ಈ ಮಾತು ನಮ್ಮ ಚಾನೆಲ್‌ಗಳಿಗೂ ಸೇರಿಸಿಯೇ ಹೇಳುತ್ತಿದ್ದೇನೆ.