ತಲೆಯೆಣಿಕೆಗೆ ಸಿಗದ ಖರ್ಚು: ಬ್ಯಾಡರಹಳ್ಳಿಯ ಅಂಚಿನಿಂದ ಬೆಂಗಳೂರಿನ ಸ್ಥಳೀಯಾಡಳಿತದ ಲೆಕ್ಕ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಹೇರೋಹಳ್ಳಿ ದಾಟಿದರೆ ಸಿಗುವ ಬ್ಯಾಡರಹಳ್ಳಿ ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿದೆ. ಈ ಅಂಚಿನಲ್ಲಿ ಹೊಲಗಳು ಮೊದಲು ರೆವಿನ್ಯೂ ಸೈಟುಗಳಾದವು, ಆಮೇಲೆ ಮನೆಗಳು ಎದ್ದವು. ಚರಂಡಿ, ಒಳಚರಂಡಿ, ಕಾವೇರಿ ನೀರು ಎಲ್ಲಕ್ಕಿಂತ ಹಿಂದೆ ಉಳಿದವು. ಸ್ಥಳೀಯ ಸಂಸ್ಥೆಗಳ ವೆಚ್ಚದ ಏರಿಕೆಯನ್ನು ಜನಸಂಖ್ಯೆಯ ಏರಿಕೆ ಸಮರ್ಥಿಸುತ್ತದೆಯೇ ಎಂದು ಕೇಳುವವರು ಈ ಅನುಕ್ರಮವನ್ನು ಮರೆಯುವಂತಿಲ್ಲ. ಕಸ ಎತ್ತುವುದು, ಬೀದಿದೀಪ ಉರಿಸುವುದು ಮುಂತಾದ ನಿತ್ಯಸೇವೆಯ ವೆಚ್ಚಕ್ಕೆ ಜನಸಂಖ್ಯೆ ಒಳ್ಳೆಯ ಅಳತೆಗೋಲು. ದಶಕಗಳಿಂದ ಬಾಕಿ ಉಳಿದ ಕಾಮಗಾರಿಗೆ ಆ ಕೋಲು ಸಾಲದು. ಇತ್ತೀಚಿನ ಬಜೆಟ್‌ಗಳ ಜಿಗಿತವನ್ನಂತೂ ಅದರಿಂದ ಅಳೆಯುವುದೇ ತಪ್ಪು ಎಂಬುದು ಈ ಲೇಖನದ ನಿಲುವು.

ಮೊದಲು ಭಾಜಕದ, ಅಂದರೆ ವೆಚ್ಚವನ್ನು ಭಾಗಿಸುವ ಜನಸಂಖ್ಯೆಯ ಸಮಸ್ಯೆ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 43 ಲಕ್ಷ. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದು 84.4 ಲಕ್ಷ. ಹತ್ತು ವರ್ಷಗಳಲ್ಲಿ ಶೇ. 96ರ ಹೆಚ್ಚಳ ಎಂದು ಈ ಅಂಕಿಗಳನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗಿದೆ. ಆದರೆ ನಡುವೆ 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಪಾಲಿಕೆಗೆ ಸೇರಿದ್ದವು. 226 ಚದರ ಕಿಲೋಮೀಟರಿನ ನಗರ 700ನ್ನು ದಾಟಿತ್ತು. ಗಡಿ ಬದಲಾಗದ ಬೆಂಗಳೂರು ನಗರ ಜಿಲ್ಲೆಯನ್ನು ತೆಗೆದುಕೊಂಡರೆ ಏರಿಕೆ 65.37 ಲಕ್ಷದಿಂದ 96.21 ಲಕ್ಷಕ್ಕೆ, ಅಂದರೆ ಶೇ. 47. ಉಳಿದದ್ದು ಹೆಚ್ಚುಪಾಲು ಗಡಿ ಸರಿದದ್ದರಿಂದ ಕಂಡ ಹೆಚ್ಚಳ. ಕೆಂಗೇರಿಯವರು 2007ಕ್ಕೆ ಮೊದಲೂ ಇದ್ದರು, ಅವರ ಪುರಸಭೆ ಮೊದಲೂ ಖರ್ಚು ಮಾಡುತ್ತಿತ್ತು. ಹಳೆಯ ನಗರಸಭೆ, ಪುರಸಭೆ, ಪಂಚಾಯಿತಿಗಳ ವೆಚ್ಚವನ್ನು ಹಿಂದಿನ ವರ್ಷಗಳ ಲೆಕ್ಕಕ್ಕೆ ಕೂಡಿಸದೆ ಮಾಡಿದ ಯಾವ ತಲಾ ವೆಚ್ಚದ ಹೋಲಿಕೆಯನ್ನೂ ನಾನು ಒಪ್ಪಲಾರೆ.

2011ರ ನಂತರ ಜನಗಣತಿಯೇ ನಡೆದಿಲ್ಲ. ಹದಿನೈದನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ಶೇ. 90 ತೂಕವನ್ನು ಜನಸಂಖ್ಯೆಗೆ ಕೊಟ್ಟಿತು. ಆ ಜನಸಂಖ್ಯೆ 2011ರದು. ಕರ್ನಾಟಕದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ನಿಯಮವಿದೆ. 2011ರ ಅಂಕಿ ಹಿಡಿದರೆ ಪಾಲಿಕೆಗೆ ಸುಮಾರು 12 ಸಾವಿರ ಜನ ಸಾಕು. ಈಗಿನ ಜನಸಂಖ್ಯೆ ಒಂದು ಕೋಟಿ ಮೂವತ್ತು ಲಕ್ಷ ಎಂದು ಊಹಿಸಿದರೆ 18 ಸಾವಿರಕ್ಕೂ ಹೆಚ್ಚು ಬೇಕು. ಹಳೆಯ ಎಣಿಕೆ ಹಿಡಿದು ನೋಡಿದಾಗ ದುಂದುವೆಚ್ಚದಂತೆ ಕಾಣುವುದು ನಿಜವಾದ ಜನರ ಎದುರು ಕೊರತೆಯಾಗಿರಬಹುದು. ಈ ತಪ್ಪಿನ ಭಾರ ಬೀಳುವುದು ವೇಗವಾಗಿ ಬೆಳೆದ ಅಂಚಿನ ಬಡಾವಣೆಗಳ ಮೇಲೆ.

ಸರ್ಕಾರಿ ವೆಚ್ಚದ ಏರಿಕೆಗೆ ಜನಸಂಖ್ಯೆ ಮತ್ತು ಬೆಲೆಗಳ ಏರಿಕೆ ಕೂಡಿಸಿ ಅದೇ ಮಿತಿ ಎಂದು ಕಾನೂನು ಮಾಡಿದ ಪ್ರಯೋಗ ಅಮೆರಿಕದ ಕೊಲರಾಡೊ ರಾಜ್ಯದ್ದು. 1992ರಲ್ಲಿ ತಂದ ಆ ಮಿತಿಯನ್ನು 2005ರಲ್ಲಿ ಮತದಾರರೇ ಐದು ವರ್ಷ ಸಡಿಲಿಸಿದರು. ಅದೇ 1992ರಲ್ಲಿ ಅರ್ಥಶಾಸ್ತ್ರಜ್ಞೆ ಹೆಲೆನ್ ಲ್ಯಾಡ್ ಅಮೆರಿಕದ ಕೌಂಟಿಗಳನ್ನು ಅಧ್ಯಯನ ಮಾಡಿ, ಜನಸಾಂದ್ರತೆಯೂ ಬೆಳವಣಿಗೆಯ ವೇಗವೂ ತಲಾ ವೆಚ್ಚವನ್ನು ಬದಲಿಸುತ್ತವೆ ಎಂದು ತೋರಿಸಿದರು. ನಮ್ಮ ಅಂಚಿನಲ್ಲಿ ಇದಕ್ಕೆ ಇನ್ನೊಂದು ಕಾರಣವನ್ನು ಸೇರಿಸಬೇಕು: ತಡ. ಪೈಪಿನ ಉದ್ದವನ್ನು ತೀರ್ಮಾನಿಸುವುದು ಬೀದಿ. ಅರ್ಧ ಸೈಟು ಖಾಲಿ ಇದ್ದರೂ ಪೈಪು ಬೀದಿಯ ಕೊನೆಯವರೆಗೆ ಹೋಗಲೇಬೇಕು. ಮನೆಗಳೆಲ್ಲ ಎದ್ದ ಮೇಲೆ ಬರುವ ಒಳಚರಂಡಿಗೆ ರಸ್ತೆ ಅಗೆಯಬೇಕು, ಕಾವೇರಿ ಪೈಪಿಗೆ ಮತ್ತೆ ಅಗೆಯಬೇಕು, ಎರಡು ಸಲ ಡಾಂಬರು ಹಾಕಬೇಕು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಈ ಪ್ರದೇಶಗಳ ಮನೆಗಳು ಬೋರ್‌ವೆಲ್ಲಿಗೆ, ಟ್ಯಾಂಕರಿಗೆ ಕೈಯಿಂದ ಹಣ ಸುರಿದವು. ಆ ಹಣ ಯಾವ ಸಾರ್ವಜನಿಕ ಲೆಕ್ಕದಲ್ಲೂ ಇಲ್ಲ. ಈಗ ಸರ್ಕಾರದ ವೆಚ್ಚ ಏರಿದಂತೆ ಕಾಣುವುದರಲ್ಲಿ ಒಂದು ಪಾಲು ಸಂಸಾರಗಳ ಹೆಗಲಿನಿಂದ ಇಳಿದ ಭಾರ. ಇದನ್ನು ಗಣನೆಗೆ ತರದ ಮಿತವ್ಯಯದ ವಾದ ಅಂಚಿನವರಿಗೆ ಅನ್ಯಾಯ ಮಾಡುತ್ತದೆ.

ಹಾಗೆಂದು ಎಲ್ಲ ಏರಿಕೆಯನ್ನೂ ಬಾಕಿಯ ಹೆಸರಿನಲ್ಲಿ ಬಿಟ್ಟುಕೊಡಲಾಗದು. ಪಾಲಿಕೆಯ ಬಜೆಟ್ 2024-25ರ ಸುಮಾರು 12,370 ಕೋಟಿ ರೂಪಾಯಿಯಿಂದ 2025-26ರಲ್ಲಿ ಸುಮಾರು 19,930 ಕೋಟಿಗೆ ಏರಿತು: ಒಂದೇ ವರ್ಷಕ್ಕೆ ಶೇ. 61. 2012ನ್ನು 100 ಎಂದು ಹಿಡಿದ ಗ್ರಾಹಕ ಬೆಲೆ ಸೂಚ್ಯಂಕ 2025ರಲ್ಲಿ 190 ದಾಟಿತ್ತು, ಅಂದರೆ ಹದಿಮೂರು ವರ್ಷಕ್ಕೂ ಬೆಲೆಗಳು ಇಮ್ಮಡಿಯಾಗಿರಲಿಲ್ಲ. ಹೀಗಿರುವಾಗ ಒಂದು ವರ್ಷದ ಈ ನೆಗೆತಕ್ಕೆ ಬೆಲೆಯಾಗಲಿ ಜನಸಂಖ್ಯೆಯಾಗಲಿ ಕಾರಣವಾಗಲಾರದು. ರಾಜ್ಯ ಸರ್ಕಾರ ವಾರ್ಷಿಕ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸಿದ್ದು ಅದರ ಬಹುಪಾಲನ್ನು ವಿವರಿಸುತ್ತದೆ. ಅಂದರೆ ಇದು ಯಾವ ಕಾಮಗಾರಿಗಳು ಮುಖ್ಯ ಎಂಬ ರಾಜಕೀಯ ಆಯ್ಕೆ, ಆಯ್ಕೆಯೆಂದೇ ಚರ್ಚೆಯಾಗಬೇಕು. ಚರ್ಚಿಸಬೇಕಾದ ಚುನಾಯಿತ ಸಭೆ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಸಿತು; ಆಮೇಲಿನ ಬಜೆಟ್‌ಗಳೆಲ್ಲ ಅಧಿಕಾರಿಗಳ ಕೈಯಲ್ಲೇ ಸಿದ್ಧವಾದವು. ಜೊತೆಗೆ ಬಜೆಟ್ ಎಂದರೆ ಅಂದಾಜು ಮಾತ್ರ, ವರ್ಷದ ಕೊನೆಯ ನೈಜ ವೆಚ್ಚವೇ ಬೇರೆ.

ಇನ್ನೊಂದು ತೊಡಕು ಕಾರ್ಯಕಾರಣದ ದಿಕ್ಕಿನದು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೊ ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆವರೆಗಿನ 12.5 ಕಿಲೋಮೀಟರ್ ಮಾರ್ಗವಿದೆ, ಅದರಲ್ಲಿ ಬ್ಯಾಡರಹಳ್ಳಿಯೂ ಒಂದು ನಿಲ್ದಾಣ. ಈ ಮಾರ್ಗದ ಹಣ ಮೆಟ್ರೊ ನಿಗಮದ್ದು, ಕಾವೇರಿಯ ಹಣ ಜಲಮಂಡಳಿಯದು. ಪಾಲಿಕೆಯ ಪುಸ್ತಕದಲ್ಲಿ ಎರಡೂ ಕಾಣುವುದಿಲ್ಲ. ಮೆಟ್ರೊ ಬಂದರೆ ಸುತ್ತ ಮಹಡಿಗಳು ಏಳುತ್ತವೆ, ಬಾಡಿಗೆಯವರು ಬರುತ್ತಾರೆ. ಆಗ ಜನಸಂಖ್ಯೆ ಹೆಚ್ಚಿದ್ದರಿಂದ ಖರ್ಚಾಯಿತೋ, ಖರ್ಚಿನಿಂದ ಜನಸಂಖ್ಯೆ ಹೆಚ್ಚಿತೋ ಎಂಬುದನ್ನು ಎರಡು ಅಂಕಿಗಳ ಅನುಪಾತ ಹೇಳಲಾರದು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದಿದೆ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. 2001ರಿಂದ 2011ಕ್ಕೆ ಆದ ಗೊಂದಲ ಮರುಕಳಿಸದಿರಬೇಕಾದರೆ ಹೊಸ ವಾರ್ಡುಗಳ ಗಡಿಯೊಳಗೆ 2011ರ ಜನಸಂಖ್ಯೆಯನ್ನು ಮರುಜೋಡಿಸಿ ಪ್ರಕಟಿಸಬೇಕು. ಪ್ರತಿ ವಾರ್ಡಿನ ನೈಜ ವೆಚ್ಚವನ್ನು ನಿತ್ಯಸೇವೆ, ಬಾಕಿ ಕಾಮಗಾರಿ, ಹೊಸ ಬೃಹತ್ ಯೋಜನೆ ಎಂದು ಬಿಡಿಸಿ, ಜಲಮಂಡಳಿಯ ಖರ್ಚನ್ನೂ ಸೇರಿಸಿ ಕೊಡಬೇಕು. ಪಾಲಿಕೆಗಳ ಗಡಿಯಾಚೆಯ ಪಂಚಾಯಿತಿಗಳ ಲೆಕ್ಕವೂ ಅದೇ ನಮೂನೆಯಲ್ಲಿರಬೇಕು. ಅವೂ ಒಂದು ದಿನ ನಗರಕ್ಕೆ ಸೇರಿದರೆ, ಆಗಿನ ಸಂಶೋಧಕರಿಗೆ ಹಿಂದಿನ ವರ್ಷಗಳ ವೆಚ್ಚ ಕೈಗೆ ಸಿಗುತ್ತದೆ.