ಹೆಬ್ಬೆರಳ ಬುಡದ ನೋವು: ಮರವಂತೆಯ ದುಡಿಮೆ ಮತ್ತು ಗೌಟ್

ಕೈರಂಪಣಿ ಬಲೆ ಎಳೆಯುವವರ ಹಿಮ್ಮಡಿ ಹಸಿ ಮರಳಿನಲ್ಲಿ ಹೂತುಕೊಂಡಿರುತ್ತದೆ. ನಾಡದೋಣಿಯನ್ನು ನೀರಿಗೆ ನೂಕುವಾಗ ಮೈಭಾರವೆಲ್ಲ ಹೆಬ್ಬೆರಳ ಬುಡಕ್ಕೆ ಇಳಿಯುತ್ತದೆ. ಗೌಟ್ ಹೆಚ್ಚಾಗಿ ಮೊದಲು ಹಿಡಿಯುವುದೂ ಅದೇ ಕೀಲನ್ನು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆಯಲ್ಲಿ ಈ ಕಾಯಿಲೆಯನ್ನು ರಕ್ತಪರೀಕ್ಷೆಯ ಅಂಕಿಯಿಂದಷ್ಟೇ ಅಳೆದರೆ ಸಾಲದು. ಪಾದವನ್ನೂ ಅದರ ದುಡಿಮೆಯನ್ನೂ ನೋಡಬೇಕು ಎಂಬುದು ಈ ಲೇಖನದ ವಾದ.

ಗೌಟ್ ಎಂದರೆ ಕೀಲಿನಲ್ಲಿ ಯೂರಿಕ್ ಆಮ್ಲದ ಲವಣ ಹರಳುಗಟ್ಟಿ ಬರುವ ಬಾವು. ದೇಹದ ಉಷ್ಣತೆಯಲ್ಲಿ ಈ ಲವಣ ರಕ್ತದಲ್ಲಿ ಕರಗಿರಬಲ್ಲದ್ದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂವರೆಗೆ. ತಂಪಾದಷ್ಟೂ ಈ ಮಿತಿ ಇಳಿಯುತ್ತದೆ. ಹೃದಯದಿಂದ ದೂರವಿದ್ದು ತಂಪಾಗಿರುವ, ಸದಾ ಒತ್ತಡಕ್ಕೆ ಸಿಕ್ಕುವ ಕಾಲ್ಬೆರಳ ಕೀಲಿನಲ್ಲಿ ಹರಳುಗಟ್ಟಲು ಇದೂ ಒಂದು ಕಾರಣ. ಒಂದೆರಡು ವಾರದಲ್ಲಿ ಉರಿ, ಬಾವು ಇಳಿದರೂ ಹರಳು ಉಳಿದಿರುತ್ತದೆ. ವರ್ಷಗಳು ಕಳೆದಂತೆ ಮೂಳೆ ಸವೆದು, ಗಂಟು ಕಟ್ಟಿ, ನಡಿಗೆಯೇ ಬದಲಾಗುತ್ತದೆ. ನ್ಯೂಜಿಲೆಂಡಿನಲ್ಲಿ ಸಂಶೋಧಕ ಕೀತ್ ರೋಮ್ ಮತ್ತು ಸಂಗಡಿಗರು ಗೌಟ್ ಇರುವವರ ಪಾದರಕ್ಷೆಗಳನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಮೆತ್ತನೆಯ, ಪಾದವನ್ನು ಹಿಡಿದಿಡುವ ಜೋಡು ನೋವನ್ನು ತಗ್ಗಿಸಬಲ್ಲದೆಂದು ಅವರ ಕೆಲಸ ಸೂಚಿಸುತ್ತದೆ. ಆದರೆ ಅಲೆ ಬಡಿಯುವ ದಡದಲ್ಲಿ ಬೂಟು ಹಾಕಿಕೊಂಡು ಬಲೆ ಎಳೆಯಿರಿ ಎನ್ನಲಾಗದು. ಮನೆಯಲ್ಲಿ, ಹೆದ್ದಾರಿಯ ಬದಿಯಲ್ಲಿ ಮುಂಭಾಗ ಅಗಲವಿರುವ, ಹಿಂಪಟ್ಟಿಯ ಚಪ್ಪಲಿ; ನೋವು ಇಳಿಯುವವರೆಗೆ ತಂಡದಲ್ಲಿ ಕುಳಿತು ಮಾಡುವ ಬಲೆ ಹೆಣೆಯುವ ಕೆಲಸ: ಇಲ್ಲಿಗೆ ಹೊಂದುವ ಸಲಹೆ ಇಂಥದ್ದು.

ಗೌಟ್ ತರುತ್ತವೆ ಎಂದು ಬೂತಾಯಿ, ಬಂಗುಡೆ ಮೀನುಗಳ ಮೇಲೆ ಬರುವ ಆರೋಪ ಪೂರ್ತಿ ಸುಳ್ಳಲ್ಲ. ದೇಹದಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ಬೂತಾಯಿಯಲ್ಲಿ ಹೆಚ್ಚು. ಆದರೂ ಯೂರಿಕ್ ಆಮ್ಲದ ಸುಮಾರು ಮೂರನೇ ಎರಡು ಪಾಲು ಹುಟ್ಟುವುದು ನಮ್ಮದೇ ಜೀವಕೋಶಗಳಿಂದ, ಮತ್ತು ಬಹುತೇಕ ರೋಗಿಗಳಲ್ಲಿ ಮೂಲ ತೊಡಕು ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕದಿರುವುದು. ಆಯುರ್ವೇದದ ಚರಕಸಂಹಿತೆಯ ಚಿಕಿತ್ಸಾಸ್ಥಾನದ 29ನೇ ಅಧ್ಯಾಯದ ವಾತಶೋಣಿತವೆಂಬ ರೋಗವನ್ನು ಇಂದಿನ ಗೌಟಿಗೆ ಸಮ ಎನ್ನಲಾಗದು. ಆದರೆ ಕಾರಣಗಳ ಅದರ ಪಟ್ಟಿಯಲ್ಲಿ ಹುರುಳಿ, ಮದ್ಯದ ಜೊತೆಗೆ ಹಗಲುನಿದ್ದೆ, ರಾತ್ರಿಯ ಎಚ್ಚರವೂ ಇವೆ. ಒಂದೇ ಆಹಾರದ ಮೇಲೆ ದೂರು ಹೊರಿಸದ ಆ ನೋಟ ಗಮನಾರ್ಹ. ಮೀನು ತಿಂದು ಬದುಕುವವರಿಗೆ ಮೀನನ್ನೇ ಬಿಡಿಸುವ ಮೊದಲು ಬಿಯರ್ ಬಿಡಿಸುವುದು, ಬಿಸಿಲಲ್ಲಿ ದುಡಿಯುವಾಗ ನೀರು ಕುಡಿಸುವುದು ನ್ಯಾಯ.

ಊದಿದ ಹೆಬ್ಬೆರಳಿನವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೌರ್ಬಲ್ಯ, ಹೃದ್ರೋಗ ಹೆಚ್ಚು ಕಾಣುತ್ತವೆ. ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್ ನೋವು ನಿಲ್ಲಿಸಿದರೂ ಪದೇ ಪದೇ ತೆಗೆದುಕೊಂಡರೆ ಮೂತ್ರಪಿಂಡಕ್ಕೇ ಪೆಟ್ಟು. ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ಯೂರಿಕ್ ಆಮ್ಲವನ್ನು ಏರಿಸುತ್ತದೆ, ಲೊಸಾರ್ಟಾನ್ ಇಳಿಸುತ್ತದೆ. ಯೂರಿಕ್ ಆಮ್ಲವನ್ನು ಇಳಿಸುವ ಅಲೊಪ್ಯುರಿನಾಲನ್ನು 100 ಮಿಲಿಗ್ರಾಂ ಅಥವಾ ಇನ್ನೂ ಕಡಿಮೆಯಿಂದ ಶುರುಮಾಡಿ, ರಕ್ತದಲ್ಲಿ ಆ ಆಮ್ಲವನ್ನು ಡೆಸಿಲೀಟರಿಗೆ 6 ಮಿಲಿಗ್ರಾಂನ ಕೆಳಗೆ ತರುವವರೆಗೆ ಏರಿಸಬೇಕು. ಆರಂಭದಲ್ಲಿ ನೋವು ಮರುಕಳಿಸಬಹುದು. ಅದನ್ನು ಮೊದಲೇ ಹೇಳದಿದ್ದರೆ ರೋಗಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ. ಆರಂಭದ ಆ ನೋವಿನಿಂದ ಕಾಪಾಡುವ ಕಾಲ್ಚಿಸಿನ್ ಕರಾವಳಿಯ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಗೌರಿಹೂವಿನ ಗೆಡ್ಡೆಯಲ್ಲೂ ಇದೆ. ಆ ಗೆಡ್ಡೆ ಪ್ರಾಣಾಂತಿಕ. ಮನೆಮದ್ದಾಗಿ ಅದನ್ನು ಯಾರೂ ಮುಟ್ಟಬಾರದು.

ಚಿಕಿತ್ಸೆಯ ಕಾಲವನ್ನೂ ದುಡಿಮೆಯೇ ನಿರ್ಧರಿಸಬೇಕು. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಅವುಗಳ ಕಾರ್ಮಿಕರು ಮನೆಯಲ್ಲಿರುತ್ತಾರೆ. ಮಾತ್ರೆ ಆರಂಭಿಸಿ ಪ್ರಮಾಣ ಹೊಂದಿಸಲು ಅದು ತಕ್ಕ ಸಮಯ. ನಾಡದೋಣಿಯವರು ಕಡಲಿಗಿಳಿಯುವುದು ಅದೇ ಮಳೆಗಾಲದಲ್ಲಿ. ಅವರ ಪಾದ ಪರೀಕ್ಷೆ ಮೇ ತಿಂಗಳಿಗೆ ಮೊದಲೇ ಆಗಬೇಕು.